ಗೌಟ್ ಬೇಡ ಎಂದವನಿಗೆ

ಸ್ಫಾಕ್ಸ್
ಶನಿವಾರ, ಮಾರ್ಚ್ 11, 2006

ಲಮೀನ್,

ಕ್ಷೇಮವೇ ಎಂದು ಕೇಳುವ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ನೀನು ಕ್ಷೇಮವಾಗಿಯೇ ಇರುತ್ತೀಯ. ನಿನ್ನ ಮಾತು ಕೇಳಿದವರ ವಿಷಯದಲ್ಲಿ ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾರೆ.

ಫೋನ್ ಮಾಡಬಹುದಿತ್ತು. ಆದರೆ ನಾನು ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನಿನಗೆ ಆಪರೇಷನ್ ಥಿಯೇಟರಿನಿಂದ ಕರೆ ಬಂದುಬಿಡುತ್ತದೆ. ಬೇರೆಯಾದ ಮೇಲಿನ ಇಷ್ಟು ವರ್ಷಗಳಲ್ಲಿ ಆ ಥಿಯೇಟರು ಒಮ್ಮೆಯೂ ನಿನ್ನ ಕೈಬಿಟ್ಟಿಲ್ಲ. ಕಾಗದದ ಮುಂದೆ ಆ ಉಪಾಯ ನಡೆಯುವುದಿಲ್ಲ. ಟ್ಯೂನಿಸ್ ಕಡೆ ಹೋಗುವ ಬಾಡಿಗೆ ವ್ಯಾನಿನ ಡ್ರೈವರ್ ಎಣ್ಣೆ ಡಬ್ಬಿಗಳ ಜೊತೆ ಇದನ್ನೂ ತರುತ್ತಾನೆ. ನಿನ್ನ ತಂಗಿ ಬೇಯಾ ನಿಲ್ದಾಣಕ್ಕೆ ಹೋಗಿ ಇಸಿದುಕೊಂಡು ನಿನಗೆ ಮುಟ್ಟಿಸುತ್ತಾಳೆ. ಅವಳು ಒಡೆದು ಓದಿದರೂ ನನಗೇನೂ ಬೇಸರವಿಲ್ಲ.

ವಿಷಯಕ್ಕೆ ಬರುತ್ತೇನೆ. ನಿನ್ನ ಮಗಳು ಎಮ್ನಾ ಮಾತ್ರೆ ನಿಲ್ಲಿಸಿದ್ದಾಳೆ. ನೀನು ನಿಲ್ಲಿಸು ಅಂದೆ, ಅವಳು ನಿಲ್ಲಿಸಿದಳು. ಹೋದ ವಾರ ಅವಳಿಗೆ ಜ್ವರ ಬಂತು, ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು, ಮೂರು ದಿನ ಅವಳು ಮೊಣಕಾಲನ್ನು ಎದೆಗೆ ಒತ್ತಿಕೊಂಡು ಮಲಗಿದ್ದಳು. ಆ ಹೊಟ್ಟೆಯಲ್ಲೇ ಮಗುವಿದೆ ಎಂಬುದನ್ನು ಮೂಳೆ ಡಾಕ್ಟರಿಗೆ ಬಿಡಿಸಿ ಹೇಳಬೇಕೇನೋ. ಈ ಸಲ ಮಗು ಉಳಿಯಿತು. ಮುಂದಿನ ಸಲ ಹೊಟ್ಟೆಯೊಳಗಿನ ಆ ಉರಿಗೆ ಗರ್ಭಕೋಶ ಬೆದರಿ ಹಿಂಡಿಕೊಂಡರೆ ಉಳಿಯದೇ ಹೋಗಬಹುದು. ಮಗು ಉಳಿದರೂ, ಮಾತ್ರೆಯಿಲ್ಲದೆ ಈ ಮೆಡಿಟರೇನಿಯನ್ ಜ್ವರವನ್ನು ಹಾಗೇ ಬಿಟ್ಟರೆ ಕೊನೆಗೆ ಮೂತ್ರಪಿಂಡ ಏನಾಗುತ್ತದೆಂಬುದನ್ನು ನೀನೂ ನೋಡಿದ್ದೀಯ. ನನ್ನ ಚಿಕ್ಕಪ್ಪನ ಹೆಣ ಹೊತ್ತವರಲ್ಲಿ ನೀನೂ ಒಬ್ಬ.

ಅವಳು ಆ ಮಾತ್ರೆಯನ್ನು ಮತ್ತೆ ನುಂಗಬೇಕು. ನೀನು ಹೇಳಿದರೆ ಮಾತ್ರ ನುಂಗುತ್ತಾಳೆ. ಈ ಕಾಗದ ಬರೆದದ್ದು ಇಷ್ಟಕ್ಕೇ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಕಾರಣ ಹೇಳದಿದ್ದರೆ ನೀನು ಒಪ್ಪುವವನಲ್ಲ. ಒಪ್ಪಿದರೂ ಅದು ನನ್ನ ಬಾಯಿ ಮುಚ್ಚಿಸಲು ಇರುತ್ತದೆ.

ಬಸುರಿಯಾದ ಸುದ್ದಿ ತಿಳಿದ ದಿನ ಅವಳು ಮೊದಲು ಕೇಳಿದ್ದು ನನ್ನನ್ನೇ, ಆ ಕೋಲ್ಚಿಸಿನ್ ಮಾತ್ರೆ ಮುಂದುವರಿಸಬಹುದಾ ಎಂದು. ನಾನು ಒಂದೇ ವಾಕ್ಯದಲ್ಲಿ ಉತ್ತರ ಕೊಟ್ಟೆ. ಉತ್ತರ ಸರಿಯಿತ್ತು. ಆಮೇಲೆ ಅವಳು ನಿನಗೆ ಫೋನ್ ಮಾಡಿದಳು.

ಮರುವಾರ ಅವಳೇ ನನಗೆ ಹೇಳಿದ್ದು: "ಅಮ್ಮಾ, ಅಪ್ಪ ಇಡೀ ಸಂಜೆ ಕಂಪ್ಯೂಟರ್ ಮುಂದೆ ಕೂತಿದ್ರಂತೆ, ಊಟನೂ ಮಾಡ್ಲಿಲ್ವಂತೆ." ದನಿಯಲ್ಲಿ ಹೆಮ್ಮೆಯಿತ್ತು. ನಾನು ಏನು ಸಿಕ್ಕಿತಂತೆ ಎಂದೆ. "ಹೇಗೆ ಹುಡುಕಿದ್ರು ಅಂತಾನೂ ಬರ್ದು ಕಳ್ಸಿದಾರೆ, ನಿಂಗೆ ತೋರ್ಸೋಕೆ ಅಂತ" ಎಂದು ಮೊಬೈಲಿನಿಂದ ಓದಿದಳು. ನೀನು ಬರೆದದ್ದು ನಿನಗೇ ಮರೆತಿರಬಹುದು. "ವೈದ್ಯಕೀಯ ಡೇಟಾಬೇಸ್ ಪೂರ್ತಿ ಜಾಲಾಡಿದೆ. ಕೋಲ್ಚಿಸಿನ್ ಮತ್ತು ಗರ್ಭ, ಗೌಟ್ ಬೇಡ, ಇಂಗ್ಲಿಷ್ ಮಾತ್ರ. ವರ್ಣತಂತುಗಳು ಕೆಡುತ್ತವೆ. ಇವತ್ತೇ ನಿಲ್ಲಿಸು, ಮಗಳೇ. ನಿನ್ನ ತಾಯಿ ಏನಂದರೂ."

ಪೂರ್ತಿ ಜಾಲಾಡಿದೆಯಂತೆ. ಸಮುದ್ರದಲ್ಲಿ ಕಾಲು ತೊಳೆದುಕೊಂಡು ಬಂದವನೂ ಹೀಗೇ ಹೇಳುತ್ತಾನೆ.

ಪ್ರತಿ ಶರತ್ಕಾಲ ನಾನು ಇಲ್ಲಿ ಹೊಸ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಲೇಖನ ಹುಡುಕುವುದನ್ನು ಕಲಿಸುತ್ತೇನೆ. ಮೊದಲ ತರಗತಿಯಲ್ಲಿ ಅವರಿಂದ ತಪ್ಪು ಮಾಡಿಸುವುದು ನನ್ನ ಪದ್ಧತಿ. ಎಂಥೆಂಥ ತಪ್ಪುಗಳನ್ನೋ ನೋಡಿದ್ದೇನೆ. ಇಷ್ಟು ಪುಟ್ಟ ಸಾಲಿನಲ್ಲಿ ಇಷ್ಟೊಂದನ್ನು ತುಂಬಿದವರನ್ನು ಕಂಡಿರಲಿಲ್ಲ. ಮುಂದಿನ ವರ್ಷ ಇದನ್ನು ಹಲಗೆಯ ಮೇಲೆ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಹೆದರಬೇಡ.

ಮೊದಲು ಆ "ಬೇಡ" ನೋಡೋಣ. ಕೋಲ್ಚಿಸಿನ್ ಎಂದು ಹೊಡೆದ ಕೂಡಲೇ ತೆರೆಯ ತುಂಬ ಗೌಟ್ ಎಂಬ ಆ ಕೀಲುನೋವೇ ಬಂದಿರಬೇಕು. ಹೆಬ್ಬೆರಳು ಕೆಂಪಾಗಿ ಊದಿಕೊಂಡ, ದಪ್ಪ ಹೊಟ್ಟೆಯ, ಐವತ್ತು ದಾಟಿದ ಗಂಡಸರು. ನಿನಗೆ ಅವರು ಅಪರಿಚಿತರೇನಲ್ಲ. ನಿನ್ನ ಮೇಜಿನ ಡ್ರಾಯರಿನಲ್ಲೂ ಅದೇ ಮಾತ್ರೆ ಇರುತ್ತದೆ. ಶಸ್ತ್ರಚಿಕಿತ್ಸೆಯ ಹಿಂದಿನ ದಿನ ನೀನು ಕುಂಟುತ್ತಾ ಅದನ್ನು ಹುಡುಕುತ್ತಿದ್ದೆ, ಕೇಳಿದರೆ ಟೆನಿಸ್ ಆಡುವಾಗ ಉಳುಕಿತು ಅನ್ನುತ್ತಿದ್ದೆ. ಆ ಗಂಡಸರನ್ನೆಲ್ಲ ಒಂದೇ ಏಟಿಗೆ ಹೊರಗೆ ಅಟ್ಟಲು "ಗೌಟ್ ಬೇಡ" ಎಂದು ಬರೆದೆ. ತೆರೆ ಸ್ವಚ್ಛವಾಯಿತು. ನಿನಗೆ ಯಾವತ್ತೂ ಸ್ವಚ್ಛವಾದ ಮೇಜು ಕಂಡರೆ ಕೆಲಸ ಮುಗಿಯಿತೆಂದೇ ಅನ್ನಿಸುವುದು.

ಡೇಟಾಬೇಸ್‌ಗೆ ನಿನ್ನ ಮನಸ್ಸು ತಿಳಿಯುವುದಿಲ್ಲ, ಲಮೀನ್. ಗೌಟ್ ಬೇಡ ಅಂದರೆ ಅದು ಗೌಟಿನ ಲೇಖನಗಳನ್ನಷ್ಟೇ ತೆಗೆಯುವುದಿಲ್ಲ, ಆ ಪದ ಒಮ್ಮೆ ಸುಳಿದುಹೋದ ಎಲ್ಲವನ್ನೂ ತೆಗೆಯುತ್ತದೆ. ಈ ಮಾತ್ರೆಯ ಬಗ್ಗೆ ಬರೆಯುವ ಯಾರೇ ಆಗಲಿ ಹೇಗೆ ಶುರುಮಾಡುತ್ತಾರೆ ಹೇಳು? "ಹಿಂದಿನಿಂದಲೂ ಗೌಟಿಗೆ ಕೊಡುತ್ತಿದ್ದ ಕೋಲ್ಚಿಸಿನ್ ಈಗ ಮೆಡಿಟರೇನಿಯನ್ ಜ್ವರಕ್ಕೂ..." ಮದುವೆ ಮನೆಯಲ್ಲಿ ವರನನ್ನು ತಂದೆಯ ಹೆಸರು ಹೇಳಿ ಪರಿಚಯಿಸುವ ಹಾಗೆ. ಬಸಿರಲ್ಲಿ ಯಾವ ಔಷಧಿ ಕ್ಷೇಮ ಎಂದು ಸಾವಧಾನವಾಗಿ ತೂಗಿ ನೋಡಿದ ಬರಹಗಳಲ್ಲಿ ಬಹಳಷ್ಟು ಹಾಗೆ ಶುರುವಾದವು. ಅವು ಹೆಬ್ಬೆರಳಿನವರ ಜೊತೆ ಹೊರಗೆ ಹೋದವು.

ಉಳಿದದ್ದೇನು? ನಿನ್ನ ಸಾಲನ್ನು ಹಾಗೇ ಹೊಡೆದು ನೋಡಿದೆ. ಇಲಿ ಬಂತು. ಕೋಲ್ಚಿಸಿನ್ ಇರುವ ಕಾಡಿನ ಹೂವು ಮೇಯ್ದು ಸತ್ತ ಹಸು ಬಂತು. ಆಮೇಲೆ ನಿನ್ನನ್ನು ಬೆಚ್ಚಿಬೀಳಿಸಿದ ವರ್ಣತಂತುಗಳು ಬಂದವು. ಶೀರ್ಷಿಕೆ ನೋಡಿದರೆ ಭಯವಾಗುವಂಥವೇ: ಬಸುರಿಯರು, ಕೋಲ್ಚಿಸಿನ್, ಕೆಟ್ಟ ವರ್ಣತಂತು. ಒಂದನ್ನಾದರೂ ಒಳಗೆ ಹೊಕ್ಕು ಓದಿದ್ದರೆ ತಿಳಿಯುತ್ತಿತ್ತು. ಆ ಹೆಂಗಸರು ಯಾರೂ ಮಾತ್ರೆ ನುಂಗಿಲ್ಲ. ಅವರ ಗರ್ಭದ ನೀರನ್ನು ಸೂಜಿಯಿಂದ ತೆಗೆದು ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಿದ್ದಾರೆ. ಕೋಶ ಎರಡಾಗುವ ಗಳಿಗೆಯಲ್ಲಿ ಅದನ್ನು ಹಿಡಿದು ನಿಲ್ಲಿಸದೆ ವರ್ಣತಂತುಗಳು ಕಾಣುವುದಿಲ್ಲ. ನಿಲ್ಲಿಸಲು ತಟ್ಟೆಗೆ ಕೋಲ್ಚಿಸಿನ್ ಹಾಕುತ್ತಾರೆ. ವರ್ಣತಂತು ಮೊದಲೇ ಕೆಟ್ಟಿತ್ತು, ಇದು ಅದನ್ನು ಕಾಣುವ ಹಾಗೆ ಮಾಡಿತು, ಅಷ್ಟೆ. ದೀಪ ಹಚ್ಚಿದ್ದರಿಂದಲೇ ಗೋಡೆ ಬಿರುಕು ಬಿಟ್ಟಿತು ಎಂದು ನೀನು ಮಗಳಿಗೆ ಹೇಳಿದ್ದೀಯ.

ಇದನ್ನು ನಾವಿಬ್ಬರೂ ಮೆಡಿಕಲ್ ಎರಡನೆಯ ವರ್ಷದ ಪ್ರಯೋಗಾಲಯದಲ್ಲಿ ಕೈಯಾರೆ ಮಾಡಿದ್ದೇವೆ. ನಿನ್ನ ತಟ್ಟೆಯನ್ನೂ ನಾನೇ ಮಾಡಿಕೊಟ್ಟಿದ್ದೆ ಅನ್ನುವುದನ್ನು ಈಗ ಹೇಳಿ ಪ್ರಯೋಜನವಿಲ್ಲ.

ಆಮೇಲೆ "ಇಂಗ್ಲಿಷ್ ಮಾತ್ರ". ಈ ಜ್ವರ ಯಾರದ್ದು? ನಮ್ಮದು. ಈ ಸಮುದ್ರದ ಸುತ್ತಲಿನವರದ್ದು. ಅರಬರು, ಅರ್ಮೇನಿಯದವರು, ತುರ್ಕರು, ಇಲ್ಲಿಂದ ಮೂಟೆ ಕಟ್ಟಿಕೊಂಡು ಹೋದ ಯಹೂದಿಗಳು. ಇದನ್ನು ನೋಡುತ್ತಾ ತಲೆ ಹಣ್ಣಾದ ವೈದ್ಯರಲ್ಲಿ ಎಷ್ಟೋ ಜನ ಬರೆದದ್ದು ಫ್ರೆಂಚಿನಲ್ಲಿ. ನಿನಗೆ ಪಾಠ ಹೇಳಿದವರು, ನಿನ್ನ ಮದುವೆಯಲ್ಲಿ ಉಂಡವರು. ಭಾಷೆ ಆರಿಸುವ ಚೌಕದಲ್ಲಿ ಒಂದು ಗುರುತು ಹಾಕಿ ನೀನು ಅವರನ್ನೆಲ್ಲ ಎಬ್ಬಿಸಿ ಕಳಿಸಿದೆ. ನೀನು ಇಂಗ್ಲಿಷಿನಲ್ಲಿ ಒಂದು ಪುಟ ಓದಲು ನಿಘಂಟು ತೆಗೆಯುವವನು. ಆದರೂ ಇಂಗ್ಲಿಷಿನಲ್ಲಿದ್ದರೆ ಅದು ದೊಡ್ಡ ವಿಜ್ಞಾನ ಎಂಬ ಭ್ರಮೆ ನಿನಗೆ. ನಿನ್ನ ಕ್ಲಿನಿಕ್ಕಿನ ಬೋರ್ಡಿನ ಮೇಲೂ ಅದೇ ಭ್ರಮೆ ನೇತುಬಿದ್ದಿದೆ.

ಮತ್ತೊಂದು. ಎಮ್ನಾಳ ಕಾಯಿಲೆಯ ಹೆಸರು ನಿನ್ನ ಸಾಲಿನಲ್ಲಿ ಎಲ್ಲೂ ಇಲ್ಲ. ಔಷಧಿಯಿದೆ, ಗರ್ಭವಿದೆ, ಬೇಡವಾದ ಗೌಟ್ ಇದೆ. ಅವಳೇ ಇಲ್ಲ. ಇದು ಮರೆವಲ್ಲ ಅಂತ ನನಗನ್ನಿಸುತ್ತದೆ. ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ಕಾಯಿಲೆ ಯಾವುದೆಂದು ಗೊತ್ತಾದ ದಿನ ನೀನು ಕಾರಿನಲ್ಲಿ ಹೇಳಿದ್ದು ಒಂದೇ ಮಾತು: "ಇದು ನಿಮ್ಮ ಕಡೆಯಿಂದ ಬಂದದ್ದು." ಒಬ್ಬರ ಕಡೆಯಿಂದ ಬಂದರೆ ಈ ಕಾಯಿಲೆ ಸಾಮಾನ್ಯವಾಗಿ ತಲೆ ಎತ್ತುವುದಿಲ್ಲ, ತಂದೆ ತಾಯಿ ಇಬ್ಬರೂ ಕೊಡಬೇಕು. ಅದು ನಿನಗೂ ಗೊತ್ತು. ನಾವಿಬ್ಬರೂ ಸಮಪಾಲು ಹಾಕಿ ಮಾಡಿದ್ದು ಬಹುಶಃ ಅದೊಂದೇ.

ಎಮ್ನಾಳನ್ನು ನೋಡಲು ಸೂಸ್‌ಗೆ ಹೋಗಿದ್ದೆ. ಅಳಿಯ ಸ್ಲೀಮ್ ಬಾಗಿಲು ತೆಗೆದ. ನನ್ನನ್ನು ನೋಡಿ ಅವನ ಮುಖದಲ್ಲಿ ಪರೀಕ್ಷೆಗೆ ಓದದೆ ಬಂದವನ ಕಳೆಯಿತ್ತು. ಒಳಗೆ ಬೀಗಿತಿ ಮೆಹರ್ಜಿಯಾ ಬಾಣಲೆಯಲ್ಲಿ ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಿದ್ದರು, ಎಮ್ನಾಳ ಹೊಟ್ಟೆಗೆ ಕಾವು ಕೊಡಲು. "ಬನ್ನಿ ಡಾಕ್ಟ್ರಮ್ಮ, ಬನ್ನಿ" ಎಂದರು. "ಇಬ್ರು ಡಾಕ್ಟ್ರು ಹೆತ್ತ ಮಗಳು. ಕೊನೆಗೆ ನನ್ನ ಉಪ್ಪಿನ ಗಂಟೇ ಗತಿ ಆಯ್ತು ನೋಡಿ." ಬೇರೆ ದಿನವಾಗಿದ್ದರೆ ಉತ್ತರ ಕೊಡುತ್ತಿದ್ದೆ. ಆಮೇಲೆ ಆಕೆ ಬಟ್ಟಲು ತುಂಬ ಹುರಿಹಿಟ್ಟಿನ ಬ್ಸೀಸಾ ಕಲಸಿ ತಂದು, "ನೀವಾದ್ರೂ ತಿನ್ನಿ, ಅವಳಂತೂ ವಾಸನೆ ಕಂಡ್ರೇ ಓಡ್ತಾಳೆ. ಯಾರಾದ್ರೂ ಬಸುರಿ ಹೆಂಗಸಿನ ತರ ತಿನ್ಬೇಕಲ್ಲ ಈ ಮನೇಲಿ" ಎಂದರು. ತಿಂದೆ.

ಎಮ್ನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ಮಾತ್ರೆಯ ಡಬ್ಬಿಯನ್ನು ದಿಂಬಿನ ಪಕ್ಕ ಇಟ್ಟೆ. ಅವಳು ತಿರುಗದೆಯೇ ಹೇಳಿದಳು:

"ಅಪ್ಪ ಬೇಡ ಅಂದಿದಾರೆ."

"ನಿಮ್ಮಪ್ಪನಿಗೆ ಮೊಣಕಾಲು ಬಿಟ್ರೆ ಮೇಲೇನಿದೆ ಅಂತ ಗೊತ್ತಿಲ್ಲ."

"ನೋಡು, ಶುರು ಮಾಡ್ದೆ."

"ನಾನೂ ಹುಡುಕಿದೀನಿ ಎಮ್ನಾ. ತೋರಿಸ್ತೀನಿ, ಕೂತ್ಕೋ."

"ನೀನು ಸರಿಯಾಗೇ ಹುಡುಕಿರ್ತೀಯಮ್ಮ. ನೀನು ಯಾವಾಗ್ಲೂ ಸರಿನೇ. ಆದ್ರೆ ನಿನ್ನ ಮಾತು ಕೇಳಿ ಮುಗಿಯೋ ಹೊತ್ತಿಗೆ ನಂಗೆ ನಾನೇ ದಡ್ಡಿ ಅನ್ಸಿರುತ್ತೆ. ಈಗ ಅದನ್ನೂ ತಡ್ಕೊಳೋ ಶಕ್ತಿ ಇಲ್ಲ ನಂಗೆ."

ಸ್ಲೀಮ್ ಬಾಗಿಲಲ್ಲಿ ನಿಂತು, "ಅತ್ತೆ, ಮಾವ ಒಂದು ಮಾತು ಹೇಳಿಬಿಟ್ರೆ ಸಾಕು, ಇವಳು ಈಗಲೇ ನುಂಗ್ತಾಳೆ" ಎಂದ. ಆ ಹುಡುಗ ಬುದ್ಧಿವಂತನೇನಲ್ಲ. ಆದರೂ ಆ ಮನೆಯಲ್ಲಿ ಆ ದಿನ ಕೇಳಿದ ಕೆಲಸಕ್ಕೆ ಬರುವ ಮಾತು ಅದೊಂದೇ.

ಹಿಂತಿರುಗುವಾಗ ದಾರಿಯುದ್ದಕ್ಕೂ ಆಲಿವ್ ಸಾಲುಗಳನ್ನು ನೋಡುತ್ತಾ ಒಂದನ್ನು ಯೋಚಿಸಿದೆ. ತಿರಸ್ಕಾರವೂ ಒಂದು ಬಗೆಯ ಹುಡುಕಾಟವಿರಬೇಕು. ಅದಕ್ಕೆ ಏನು ಬೇಕೋ ಅದು ಎಲ್ಲ ಕಡೆ ಸಿಗುತ್ತದೆ. ನಿನ್ನಲ್ಲಿ ನನಗೆ ಎಷ್ಟೊಂದು ಸಿಕ್ಕಿತು. ಇದನ್ನು ಕ್ಷಮೆಯೆಂದು ತಿಳಿಯಬೇಡ. ಸಿಕ್ಕಿದ್ದೆಲ್ಲ ನಿಜವಾಗಿಯೂ ಅಲ್ಲಿತ್ತು.

ಈಗ ನೀನು ಮಾಡಬೇಕಾದ್ದು. ಥಿಯೇಟರಿನಲ್ಲಿ ನರ್ಸ್ ಉಪಕರಣ ಕೊಡುವ ಹಾಗೆ ಒಂದೊಂದಾಗಿ ಕೊಡುತ್ತೇನೆ, ಕೈ ಚಾಚು.

ಕಂಪ್ಯೂಟರ್ ಮುಟ್ಟುವ ಮೊದಲು ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಬರೆ. ಯಾರ ಬಗ್ಗೆ ಕೇಳುತ್ತಿದ್ದೀಯ: ಈ ಜ್ವರವಿರುವ ಬಸುರಿ. ಏನು ಕೊಡುವುದು: ಕೋಲ್ಚಿಸಿನ್. ಯಾವುದಕ್ಕೆ ಹೋಲಿಸಿ: ಕೊಡದೇ ಇರುವುದಕ್ಕೆ. ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮಾತ್ರೆ ನುಂಗುವುದು ಮಾತ್ರ ಅಪಾಯ, ನುಂಗದಿರುವುದರಲ್ಲಿ ಏನೂ ಇಲ್ಲ ಅನ್ನುವ ಹಾಗೆ. ಕೊನೆಗೆ, ಯಾವುದನ್ನು ನೋಡಬೇಕು: ಮಗು ಹೇಗೆ ಹುಟ್ಟಿತು, ಎಷ್ಟು ಗರ್ಭ ನಿಂತವು, ಎಷ್ಟು ಜಾರಿದವು, ತಾಯಿಗೆ ಜ್ವರ ಎಷ್ಟು ಸಲ ಬಂತು.

ಆಮೇಲೆ ಒಂದೊಂದಕ್ಕೂ ಇರುವ ಹೆಸರುಗಳನ್ನೆಲ್ಲ ಸೇರಿಸು. ಈ ಜ್ವರವನ್ನು ಒಬ್ಬೊಬ್ಬರು ಒಂದೊಂದು ಹೆಸರಲ್ಲಿ ಕರೆದಿದ್ದಾರೆ, ನಮ್ಮ ಮೇಷ್ಟ್ರುಗಳು ಕರೆದ ಫ್ರೆಂಚ್ ಹೆಸರನ್ನೂ ಬಿಡಬೇಡ. ಅವುಗಳ ಮಧ್ಯೆ "ಅಥವಾ" ಹಾಕು. ಹೀಗೆ ಒಂದು ಗುಂಪು ಜ್ವರಕ್ಕೆ, ಒಂದು ಔಷಧಿಗೆ, ಒಂದು ಬಸಿರಿಗೆ. ಗುಂಪುಗಳ ಮಧ್ಯೆ ಮಾತ್ರ "ಮತ್ತು". "ಬೇಡ" ಎಂಬ ಪದವನ್ನು ಮುಟ್ಟಲೇಬೇಡ. ಅದು ಇರುವುದು ತಾನು ಏನನ್ನು ಕಳೆದುಕೊಳ್ಳುತ್ತಿದ್ದೇನೆಂದು ಗೊತ್ತಿದ್ದವರಿಗೆ.

ಒಂದು ಒಳ್ಳೆಯ ಲೇಖನ ಸಿಕ್ಕಿತೆನ್ನು. ಕೆಳಗೆ ಇಳಿದು, ಅದನ್ನು ಯಾವ ವಿಷಯಗಳ ಅಡಿಯಲ್ಲಿ ಸೇರಿಸಿದ್ದಾರೆ ನೋಡು. ಆ ವಿಷಯದ ಹೆಸರುಗಳಿಂದಲೇ ಮತ್ತೊಮ್ಮೆ ಹುಡುಕು. ಲೇಖಕರ ಮಾತು ಬೇರೆಬೇರೆಯಾಗಿದ್ದರೂ ಒಂದೇ ಸಂಗತಿಯ ಬರಹಗಳು ಅಲ್ಲಿ ಒಟ್ಟಿಗೆ ಕೂತಿರುತ್ತವೆ. ಹೊಚ್ಚ ಹೊಸ ಲೇಖನಗಳಿಗೆ ಆ ಹೆಸರು ಇನ್ನೂ ಅಂಟಿಸಿರುವುದಿಲ್ಲ, ಆದ್ದರಿಂದ ಸಾದಾ ಪದಗಳ ಹುಡುಕಾಟವನ್ನೂ ಬಿಡಬೇಡ. ಭಾಷೆಯ ಚೌಕದ ಗುರುತು ತೆಗೆ. ಮೊದಲ ಪುಟ ಮುಗಿದ ಮೇಲೆ ಎರಡನೆಯ ಪುಟವೂ ಇರುತ್ತದೆ. ಶೀರ್ಷಿಕೆ ಓದಿ ತೀರ್ಪು ಕೊಡಬೇಡ. ನುಂಗಿದವರು ಯಾರು, ಇಲಿಯೋ, ತಟ್ಟೆಯೋ, ಹೆಂಗಸೋ, ಅದನ್ನು ಮೊದಲು ನೋಡು. ಮಾತ್ರೆ ನುಂಗುತ್ತಲೇ ಹೆತ್ತ ಹೆಂಗಸರು ನಿನಗೆ ಸಿಗುತ್ತಾರೆ, ಈ ಸಮುದ್ರದ ಎಲ್ಲ ದಡಗಳಿಂದ. ಅವರ ಮಕ್ಕಳು ಬೇರೆ ಮಕ್ಕಳ ಹಾಗೇ ಇವೆ. ಮಾತ್ರೆ ಬಿಟ್ಟವರೂ ಸಿಗುತ್ತಾರೆ. ಅವರದ್ದನ್ನು ನಿಧಾನವಾಗಿ ಓದು.

ಇಷ್ಟಾದ ಮೇಲೆ ಎಮ್ನಾಳಿಗೆ ಹೇಳು. ನಾನು ಕಾಗದ ಬರೆದೆ ಎಂದು ಹೇಳಬೇಡ. ನೀನೇ ಇನ್ನೊಮ್ಮೆ ಹುಡುಕಿದೆ, ಮೊದಲು ನೋಡಿದ್ದು ಸಾಲದಾಗಿತ್ತು ಎಂದು ಹೇಳು. ಅದರ ಕೀರ್ತಿ ಪೂರ್ತಿ ನಿನಗೇ ಇರಲಿ. ನಿನ್ನ ಹೆಸರಿನ ಕೆಳಗೆ ನನ್ನ ಕೆಲಸ ಹೋಗುವುದು ಹೊಸದೇನಲ್ಲ. ಈ ಸಲ ನಾನಾಗಿಯೇ ಕೊಡುತ್ತಿದ್ದೇನೆ, ಅದಷ್ಟೇ ಹೊಸದು.

ನಿನ್ನ ಮೇಲಿನ ಅಭಿಪ್ರಾಯವನ್ನು ಬದಲಿಸಿಕೊಳ್ಳದ,
ರಫೀಕಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಾನು ಹೇಳಿದ ಹಾಗೆ ಹುಡುಕಿದರೆ ಅದು ನಿನ್ನ ಕಣ್ಣಿಗೆ ಬೀಳದೇ ಇರದು, ಆದ್ದರಿಂದ ನಾನೇ ಹೇಳುತ್ತೇನೆ. ಮಾತ್ರೆ ನುಂಗಿದ ತಾಯಂದಿರ ಮಕ್ಕಳಲ್ಲಿ ಒಂದೆರಡಕ್ಕೆ ವರ್ಣತಂತು ಒಂದು ಹೆಚ್ಚಾಗಿತ್ತು ಎಂದು ಹಳೆಯ ವರದಿಗಳಲ್ಲಿದೆ. ಯಾವ ಬಸಿರಿನಲ್ಲೂ ಆಗಬಹುದಾದದ್ದೇ ಅದು, ಮಾತ್ರೆಯಿಂದಲ್ಲ ಎಂದು ನಂಬಿದ್ದೇನೆ. ಆದರೂ ಗರ್ಭದ ನೀರು ಪರೀಕ್ಷಿಸಿ ನೋಡಿಬಿಡಿ ಎನ್ನುವ ವೈದ್ಯರಿದ್ದಾರೆ. ಆ ಸೂಜಿಗೂ ಅದರದೇ ಅಪಾಯವಿದೆ. ಎಮ್ನಾ ಕೇಳಿಯೇ ಕೇಳುತ್ತಾಳೆ, "ಪೂರ್ತಿ ಖಾತ್ರಿನಾ?" ಎಂದು. ನನಗೆ ಅದಕ್ಕೆ "ಹೌದು, ಸುಮ್ನೆ ನುಂಗು" ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ಖಾತ್ರಿಯಿಲ್ಲದ್ದನ್ನು ಹೆದರಿದವರಿಗೆ ಹೆದರಿಕೆಯಾಗದಂತೆ ಹೇಳಲು ನಿನಗೆ ಬರುತ್ತದೆ. ನಿನ್ನ ರೋಗಿಗಳು ಅದಕ್ಕೇ ಬರುತ್ತಾರೆ, ನಿನ್ನ ಕೈಚಳಕಕ್ಕಲ್ಲ. ಫೋನಿನಲ್ಲಿ ಹೇಳಬೇಡ, ಸೂಸ್‌ಗೆ ಹೋಗಿ ಪಕ್ಕದಲ್ಲಿ ಕೂತು ಹೇಳು. ನೀನು ಹೋದ ದಿನ ನಾನು ಅಲ್ಲಿಗೆ ಬರುವುದಿಲ್ಲ.